ಮುಲ್ಕಿ ಅಲ್ಲದ ಸ್ವಾಮಿ

ಕಲ್ಯಾಣ ಕರ್ನಾಟಕದಿಂದ ಬಂದು ಈ ಕಾಲೇಜಿಗೆ ಸೇರಿದವರಿಗೆ 371ಜೆ ಅಂದ್ರೆ ಏನು ಅಂತ ಬಿಡಿಸಿ ಹೇಳೋದು ಬೇಕಿಲ್ಲ. ಸಿಇಟಿ ಅರ್ಜಿ ತುಂಬುವಾಗಲೇ ಅದರ ಪರಿಚಯ ಆಗಿರುತ್ತೆ. ಉಳಿದವರಿಗಾಗಿ ಎರಡೇ ಮಾತು: ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು, ಹಿಂದುಳಿದ ನಮ್ಮ ಭಾಗಕ್ಕೆ ಅಂತ ಈ ಕಲಂ ಸೇರಿಸಿದರು. ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು, ಉಳಿದ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 8 ಸೀಟು ನಮ್ಮವರಿಗೆ. ಆದ್ರೆ ನಮ್ಮವರು ಅಂತ ಅನ್ನಿಸಿಕೊಳ್ಳೋಕೆ ಒಂದು ಸರ್ಟಿಫಿಕೇಟ್ ಬೇಕು. ಅದರಲ್ಲಿ ಇರೋದು ಸುಮಾರಾಗಿ ಮೂರೇ ಪ್ರಶ್ನೆ. ನೀನು ಹುಟ್ಟಿದ್ದು ಎಲ್ಲಿ, ಇಲ್ಲಿ ಎಷ್ಟು ವರ್ಷದಿಂದ ಇದ್ದೀಯ, ಅಪ್ಪ ಅಮ್ಮ ಎಲ್ಲಿಯವರು.

ನೂರು ವರ್ಷದ ಹಿಂದೆ ಇದೇ ಪ್ರಶ್ನೆಗಳನ್ನ ಹೈದರಾಬಾದಿನ ನಿಜಾಮರ ಸರ್ಕಾರ ಕೇಳುತ್ತಿತ್ತು. ಸರಿಯಾದ ಉತ್ತರ ಇದ್ದವನು ಮುಲ್ಕಿ, ಅಂದ್ರೆ ನಾಡಿನವನು. ಇಲ್ಲದವನು ಗೈರ್ ಮುಲ್ಕಿ, ಹೊರಗಿನವನು. ಈ ಸಂಚಿಕೆಗೆ ನಾವು ಬರೆಯೋಕೆ ಹೊರಟಿರೋದು ಒಬ್ಬ ಗೈರ್ ಮುಲ್ಕಿಯ ಜೀವನವನ್ನ. ಅವರ ಹೆಸರು ಸ್ವಾಮಿ ರಮಾನಂದ ತೀರ್ಥ. ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ನಮ್ಮ ಕಡೆ ಧ್ವಜ ಹಾರಿಸುತ್ತಾರೆ, ಭಾಷಣದಲ್ಲಿ ಅವರ ಹೆಸರು ಬರುತ್ತೆ, ಫೋಟೋಕ್ಕೆ ಹಾರ ಬೀಳುತ್ತೆ. ಕಾವಿ ಉಟ್ಟಿದ್ದಾರೆ ಅಂದ್ಮೇಲೆ ಯಾವುದೋ ಮಠದ ಸ್ವಾಮೀಜಿ ಇರಬೇಕು ಅಂತ ನಮ್ಮಲ್ಲಿ ಬಹಳ ಮಂದಿ ತಿಳ್ಕೊಂಡಿದ್ದಾರೆ. ಅವರಿಗೆ ಮಠ ಇರಲಿಲ್ಲ, ಭಕ್ತರೂ ಇರಲಿಲ್ಲ. ಇದ್ದದ್ದು ಒಂದು ಶಾಲೆ, ಆಮೇಲೆ ಜೈಲು, ಆಮೇಲೆ ಒಂದು ಪಕ್ಷ.

ಕಥೆಗೆ ಮುಂಚೆ ಸ್ವಲ್ಪ ನಕ್ಷೆ ನೋಡೋಣ. ನಮ್ಮೂರು ಹುಲಿಹೈದರ. ಈಗ ಕೊಪ್ಪಳ ಜಿಲ್ಲೆ, ಕನಕಗಿರಿ ತಾಲ್ಲೂಕು. ಮೊದಲು ಗಂಗಾವತಿ ತಾಲ್ಲೂಕು, ಅದಕ್ಕೂ ಮೊದಲು ರಾಯಚೂರು ಜಿಲ್ಲೆ, ನಿಜಾಮರ ರಾಜ್ಯ. ಊರು ಇದ್ದಲ್ಲೇ ಇದೆ, ಅದರ ಮೇಲಿನ ಬೋರ್ಡು ಮಾತ್ರ ಬದಲಾಗುತ್ತಾ ಬಂದಿದೆ. ಆಗ ಗಂಗಾವತಿಯಿಂದ ತುಂಗಭದ್ರೆ ದಾಟಿ ಕಂಪ್ಲಿಗೆ ಹೋದರೆ ಅದು ಮದ್ರಾಸ್ ಪ್ರಾಂತ. ಕುಷ್ಟಗಿ ಬಿಟ್ಟು ಇಳಕಲ್‌ಗೆ ಹೋದರೆ ಮುಂಬೈ ಪ್ರಾಂತ. ಕೊಪ್ಪಳದಿಂದ ಪಶ್ಚಿಮಕ್ಕೆ ಮುಂಡರಗಿಗೆ ಹೋದರೂ ಮುಂಬೈ ಪ್ರಾಂತವೇ. ಎತ್ತಿನ ಗಾಡಿಯಲ್ಲಿ ಹೋಗಿಬರುವಷ್ಟು ದೂರದಲ್ಲಿ ಮೂರು ಸರ್ಕಾರ. ಕೊಪ್ಪಳ ಅಂತೂ ನೇರವಾಗಿ ನಿಜಾಮರದ್ದೂ ಅಲ್ಲ, ಸಾಲಾರ್ ಜಂಗ್ ಮನೆತನದ ಜಹಗೀರು.

ಗಡಿ ದಾಟೋಕೆ ಪಾಸ್‌ಪೋರ್ಟು, ವೀಸಾ ಏನೂ ಬೇಕಿರಲಿಲ್ಲ. ಆದರೆ ಗಡಿ ಇದೆ ಅಂತ ಗೊತ್ತಾಗುತ್ತಿತ್ತು. ಸರಕು ತಂದರೆ ಕರೋಡಗಿರಿ ನಾಕಾದಲ್ಲಿ ಬಿಚ್ಚಿ ತೋರಿಸಿ ನೂರಕ್ಕೆ 5ರಂತೆ ಸುಂಕ ಕಟ್ಟಬೇಕು. ಕೈಯಲ್ಲಿರೋ ದುಡ್ಡು ಬದಲಾಗಬೇಕು. ಈ ಕಡೆ ನಡೆಯೋದು ಹಾಲಿ ಸಿಕ್ಕಾ, ಆ ಕಡೆ ನಡೆಯೋದು ಕಲ್ದಾರ್. ನಿಜಾಮರ 7 ರೂಪಾಯಿಗೆ ಬ್ರಿಟಿಷರ 6 ರೂಪಾಯಿ, ಹತ್ತಿರ ಹತ್ತಿರ ಆ ಲೆಕ್ಕ. ಕಚೇರಿಯ ಭಾಷೆ ಉರ್ದು, ಕಾಗದದ ಮೇಲಿನ ವರ್ಷ ಫಸಲಿ. ಕಾನೂನಿನ ಕಣ್ಣಿಗೆ ಇಲ್ಲಿಯವರು ಬ್ರಿಟಿಷ್ ಪ್ರಜೆಗಳೂ ಅಲ್ಲ. ನಿಜಾಮರ ಪ್ರಜೆಗಳು. ಸಮುದ್ರ ದಾಟಿ ಹೋಗುವವರಿದ್ದರೆ ಅವರ ಪಾಸ್‌ಪೋರ್ಟ್ ಮೇಲೆ ಬ್ರಿಟಿಷ್ ರಕ್ಷಣೆಯಲ್ಲಿರುವ ವ್ಯಕ್ತಿ ಅಂತ ಬರೆಯುತ್ತಿದ್ದರು. ಹುಲಿಹೈದರದಿಂದ ಆಗ ಸಮುದ್ರ ದಾಟಿದವರು ಯಾರೂ ಇರಲಿಕ್ಕಿಲ್ಲ, ಆ ಮಾತು ಬೇರೆ. ಎಂಜಿನಿಯರಿಂಗ್ ಓದೋ ನಮಗೆ ಇದನ್ನ ನೆನಪಿಟ್ಟುಕೊಳ್ಳೋಕೆ ಒಂದು ಸುಲಭ ದಾರಿ ಇದೆ: ತುಂಗಭದ್ರಾ ಡ್ಯಾಮ್. 1945ರ ಫೆಬ್ರವರಿ 28ರಂದು ಅದಕ್ಕೆ ಎರಡು ದಡದಲ್ಲಿ ಎರಡು ಅಡಿಗಲ್ಲು ಬಿದ್ದವು. ಎಡದಂಡೆಯಲ್ಲಿ ನಿಜಾಮರ ಮಗ, ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್. ಒಂದೇ ಗೋಡೆ, ಅರ್ಧ ಒಂದು ಸರ್ಕಾರದ್ದು, ಇನ್ನರ್ಧ ಇನ್ನೊಂದು ಸರ್ಕಾರದ್ದು.

ಇಂಥದ್ದೇ ಇನ್ನೊಂದು ಗಡಿಯ ಮೇಲೆ, ಭೀಮಾ ನದಿಯ ಕಡೆ, ನಮ್ಮ ಕಥಾನಾಯಕ ಹುಟ್ಟಿದ್ದು. 1903ರ ಅಕ್ಟೋಬರ್ 3, ಊರು ಸಿಂದಗಿ, ಆಗಿನ ವಿಜಾಪುರ ಜಿಲ್ಲೆ, ಮುಂಬೈ ಪ್ರಾಂತ. ಹೆಸರು ವೆಂಕಟೇಶ ಖೇಡಗೀಕರ್. ಭೀಮೆಯ ಆ ದಡದಲ್ಲಿ ನಿಜಾಮರ ಗುಲ್ಬರ್ಗಾ ಜಿಲ್ಲೆ, ದತ್ತನ ಗಾಣಗಾಪುರ. ಚಿಕ್ಕವರಿದ್ದಾಗ ಅಲ್ಲಿ ಸ್ವಲ್ಪ ಕಾಲ ಓದಿ, ಆಮೇಲೆ ಸೊಲ್ಲಾಪುರದ ಹೈಸ್ಕೂಲಿಗೆ ಹೋದರು. ಬಾಲ್ಯದಲ್ಲೇ ನದಿಯ ಎರಡೂ ದಡ ನೋಡಿದ ಹುಡುಗ ಅನ್ನಿ.

1920ರ ಆಗಸ್ಟ್ 1ಕ್ಕೆ ತಿಲಕರು ತೀರಿಕೊಂಡರು. ಸುದ್ದಿ ಕೇಳಿದ ವೆಂಕಟೇಶ, ಇನ್ನು ಮದುವೆ ಆಗೋದಿಲ್ಲ, ದೇಶಕ್ಕಾಗಿಯೇ ಬದುಕುತ್ತೇನೆ ಅಂತ ಪ್ರತಿಜ್ಞೆ ಮಾಡಿಬಿಟ್ಟರು. ವಯಸ್ಸು 17 ತುಂಬಿರಲಿಲ್ಲ. ನಮ್ಮ ವಯಸ್ಸಿನ ಹುಡುಗರ ಪ್ರತಿಜ್ಞೆಗಳು ಎಷ್ಟು ದಿನ ಇರ್ತಾವೆ ಅಂತ ಪ್ರತಿ ಸೆಮಿಸ್ಟರ್ ಶುರುವಿಗೆ ನೋಡ್ತೀವಲ್ಲ, ಅದಕ್ಕೇ ಇದು ನಮಗೆ ಆಶ್ಚರ್ಯ. ಇವರದ್ದು 51 ವರ್ಷ ಉಳಿಯಿತು. ಅಸಹಕಾರ ಚಳವಳಿ ಬಂದಾಗ ಸರ್ಕಾರಿ ಶಾಲೆ ಬಿಟ್ಟರು. ಅಮಳನೇರಿನ ರಾಷ್ಟ್ರೀಯ ಶಾಲೆಯಲ್ಲಿ ಓದಿದರು, ಪುಣೆಯ ತಿಲಕ ವಿದ್ಯಾಪೀಠದಲ್ಲಿ ಎಂ.ಎ. ಮುಗಿಸಿದರು. ಪ್ರಬಂಧ ಬರೆದದ್ದು ಪ್ರಜಾಪ್ರಭುತ್ವ ಬೆಳೆದುಬಂದ ಬಗೆಯ ಮೇಲೆ. ಆಮೇಲೆ ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಜೊತೆ ಮುಂಬೈ, ದೆಹಲಿ ಅಂತ ಓಡಾಡಿ ಕೆಲಸ ಮಾಡಿದರು. ಅಲ್ಲೇ ಇದ್ದಿದ್ದರೆ ಯೂನಿಯನ್ ಲೀಡರ್ ಆಗ್ತಿದ್ದರು. ಆದ್ರೆ ಆರೋಗ್ಯ ಪೂರ್ತಿ ಕೆಟ್ಟಿತು. ದೊಡ್ಡ ಊರು ಬಿಟ್ಟರು.

1929ರಲ್ಲಿ ಅವರು ಹೋಗಿ ಸೇರಿದ್ದು ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾ ಅನ್ನೋ ಹಳ್ಳಿಯ ರಾಷ್ಟ್ರೀಯ ಶಾಲೆಗೆ. ಅಲ್ಲಿ ಹೆಡ್ಮಾಸ್ತರ್ ಆದರು. ಗಡಿ ದಾಟಿದ್ದು ಹೀಗೆ. ಯಾವ ಘೋಷಣೆಯೂ ಇಲ್ಲ, ಸತ್ಯಾಗ್ರಹವೂ ಇಲ್ಲ, ಒಂದು ಮಾಸ್ತರಿಕೆ ಕೆಲಸ. ನಿಜಾಮರ ರಾಜ್ಯದಲ್ಲಿ ಖಾಸಗಿ ಶಾಲೆ ನಡೆಸೋದೂ ಸುಲಭ ಇರಲಿಲ್ಲ, ಅದಕ್ಕೂ ಸರ್ಕಾರದ ಅನುಮತಿ ಬೇಕು. ಸಭೆ ಮಾಡೋಕೆ ಗಸ್ತಿ ನಿಶಾನ್ 53 ಅನ್ನೋ ಸುತ್ತೋಲೆ ಅಡ್ಡ ಇತ್ತು, ಮೊದಲೇ ಹೇಳಿ ಒಪ್ಪಿಗೆ ತಗೋಬೇಕು. ಶಾಲೆಯಲ್ಲಿದ್ದಾಗಲೇ, 1930ರ ದಶಕದ ಶುರುವಿಗೆ, ವೆಂಕಟೇಶ ಖೇಡಗೀಕರ್ ಸನ್ಯಾಸ ತಗೊಂಡು ರಮಾನಂದ ತೀರ್ಥ ಆದರು. ಕಾವಿ ಉಟ್ಟರೂ ಪಾಠ ಹೇಳೋದು ಬಿಡಲಿಲ್ಲ. ಆಮೇಲೆ ಮೊಮಿನಾಬಾದಿಗೆ, ಈಗಿನ ಅಂಬಾಜೋಗಾಯಿಗೆ ಹೋಗಿ ಅಲ್ಲೂ ಶಾಲೆ ಕಟ್ಟಿದರು.

ಇಲ್ಲಿ ನಿಂತು ಮುಲ್ಕಿ ನಿಯಮ ಏನಿತ್ತು ನೋಡಬೇಕು. 1919ರಲ್ಲಿ ನಿಜಾಮರ ಫರ್ಮಾನಿನಿಂದ ಅದು ಪಕ್ಕಾ ಆಯಿತು. ಸರ್ಕಾರಿ ನೌಕರಿ ಬೇಕಾದವನು ಮುಲ್ಕಿ ಆಗಿರಬೇಕು. ಮುಲ್ಕಿ ಆಗೋದು ಹುಟ್ಟಿನಿಂದ, ಇಲ್ಲವೇ ತಂದೆಯ ನೌಕರಿಯಿಂದ, ಇಲ್ಲವೇ ಮುಲ್ಕಿಯನ್ನ ಮದುವೆಯಾದ ಹೆಂಗಸಾದರೆ ಆ ಮದುವೆಯಿಂದ, ಇಲ್ಲವೇ ವಾಸದಿಂದ. ವಾಸದ ಲೆಕ್ಕದಲ್ಲಿ 15 ವರ್ಷ ಖಾಯಂ ಇಲ್ಲೇ ಇರಬೇಕು. ಅಷ್ಟೇ ಅಲ್ಲ, ಹಿಂದಿನ ಊರಿಗೆ ವಾಪಸ್ ಹೋಗುವ ಯೋಚನೆಯನ್ನೇ ಬಿಟ್ಟಿದ್ದೇನೆ ಅಂತ ಪ್ರಮಾಣ ಮಾಡಬೇಕು.

ಈ ಕೊನೆಯ ಷರತ್ತು ಓದಿದಾಗ ನಮಗೆ ನಗು ಬಂತು. ಹಿಂದಿನ ಮನೆಗೆ ಮರಳುವ ಯೋಚನೆ ಬಿಟ್ಟವನಿಗೆ ನಮ್ಮ ಭಾಷೆಯಲ್ಲಿ ಒಂದು ಹೆಸರು ಮೊದಲಿಂದಲೂ ಇದೆಯಲ್ಲ, ಸನ್ಯಾಸಿ ಅಂತ! ಪೂರ್ವಾಶ್ರಮದ ಹೆಸರು, ಮನೆ, ಊರು ಎಲ್ಲ ಬಿಟ್ಟು ಬಂದವರು ಇವರು. ಇದಕ್ಕಿಂತ ದೊಡ್ಡ ಅಫಿಡವಿಟ್ ಯಾವ ವಕೀಲ ಬರೆದುಕೊಡಬಲ್ಲ? ಆದರೂ ವರ್ಷದ ಲೆಕ್ಕ ತೆಗೆದರೆ 1929ಕ್ಕೆ 15 ಸೇರಿಸಿದರೆ 1944 ಆಗುತ್ತೆ. ಅವರು ಹೋರಾಟಕ್ಕಿಳಿದದ್ದು 1938ರಲ್ಲಿ. ಅಲ್ಲಿಗೆ ಒಂಬತ್ತೇ ವರ್ಷ. ಇನ್ನೂ ಆರು ವರ್ಷ ಕಡಿಮೆ ಬಿತ್ತು.

ನ್ಯಾಯವಾಗಿ ಹೇಳಬೇಕು ಅಂದ್ರೆ, ಮುಲ್ಕಿ ನಿಯಮ ನೌಕರಿಗಷ್ಟೇ ಇದ್ದದ್ದು, ಸ್ವಾಮೀಜಿ ನಿಜಾಮರ ಹತ್ತಿರ ನೌಕರಿ ಕೇಳಲೂ ಇಲ್ಲ. ಆ ನಿಯಮ ಹುಟ್ಟಿದ್ದಕ್ಕೂ ಒಂದು ಕಾರಣ ಇತ್ತು. ಮೊದಲನೇ ಸಾಲಾರ್ ಜಂಗ್ ಕಾಲದಿಂದ ಆಡಳಿತ ಸುಧಾರಿಸೋಕೆ ಅಂತ ಉತ್ತರ ಭಾರತದಿಂದ ಓದಿದವರನ್ನ ಕರೆತಂದರು. ದೊಡ್ಡ ಹುದ್ದೆಗಳೆಲ್ಲ ಅವರಿಗೆ ಹೋಗಿ ಸ್ಥಳೀಯರು, ಹಿಂದೂಗಳೂ ಮುಸ್ಲಿಮರೂ, ಬಾಯಿ ಬಾಯಿ ಬಡ್ಕೊಂಡರು. ಹೈದರಾಬಾದ್ ಹೈದರಾಬಾದಿನವರಿಗೆ ಅನ್ನೋ ಕೂಗು ಹುಟ್ಟಿದ್ದು ಹಾಗೆ. 1930ರ ದಶಕದಲ್ಲಿ ಅದಕ್ಕಾಗಿಯೇ ನಿಜಾಮ್ ಪ್ರಜೆಗಳ ಸಂಘವೂ ಇತ್ತು, ಎರಡೂ ಧರ್ಮದವರು ಅದರಲ್ಲಿದ್ದರು. 371ಜೆ ಸರ್ಟಿಫಿಕೇಟನ್ನ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕಾಯ್ದುಕೊಂಡಿರುವ ನಾವು ಆ ಕೂಗನ್ನ ತಪ್ಪು ಅನ್ನೋಕೆ ಆಗೋದಿಲ್ಲ.

ತಮಾಷೆ ಇರೋದು ಬೇರೆ ಕಡೆ. 1937ರಿಂದ 1941ರವರೆಗೆ ಹೈದರಾಬಾದಿನ ಪ್ರಧಾನಿ ಸರ್ ಅಕ್ಬರ್ ಹೈದರಿ. ಹುಟ್ಟಿದ್ದು ಮುಂಬೈ. ಅವರ ನಂತರ ಬಂದ ಛತಾರಿ ನವಾಬರು ಸಂಯುಕ್ತ ಪ್ರಾಂತದ, ಅಂದ್ರೆ ಈಗಿನ ಉತ್ತರ ಪ್ರದೇಶದ ಬುಲಂದ್‌ಶಹರ್ ಕಡೆಯವರು. ಅವರ ನಂತರ ಬಂದ ಸರ್ ಮಿರ್ಜಾ ಇಸ್ಮಾಯಿಲ್ ನಮ್ಮ ಬೆಂಗಳೂರಿನವರು, ಮೈಸೂರಿನ ದಿವಾನರಾಗಿದ್ದವರು. ಸಾಲಾಗಿ ಮೂರು ಜನ ಪ್ರಧಾನಿಗಳು ಹೊರಗಿನವರು, ಅದು ಯಾರಿಗೂ ತೊಂದರೆ ಇಲ್ಲ. ಭೀಮಾ ನದಿ ದಾಟಿ ಬಂದು ಹಳ್ಳಿಯಲ್ಲಿ ಮಕ್ಕಳಿಗೆ ಪಾಠ ಹೇಳೋ ಮಾಸ್ತರ್ ಮಾತ್ರ ಹೊರಗಿನವನು. ಅಧಿಕಾರ ಕೊಟ್ಟು ಕರೆದರೆ ಅತಿಥಿ, ಅಧಿಕಾರವನ್ನ ಪ್ರಶ್ನೆ ಮಾಡಿದರೆ ಗೈರ್ ಮುಲ್ಕಿ. ಈ ಲೆಕ್ಕ ಹೈದರಾಬಾದಿಗಷ್ಟೇ ಸೀಮಿತ ಅಂತ ನಮಗನ್ನಿಸೋದಿಲ್ಲ.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಲು ಹೊರಟರು. ಕಟ್ಟಿ ಮುಗಿಯುವ ಮೊದಲೇ, ಸೆಪ್ಟೆಂಬರಿನಲ್ಲಿ, ಸರ್ಕಾರ ಅದನ್ನ ನಿಷೇಧಿಸಿತು. ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು, ಇದಕ್ಕೆ ರಾಜ್ಯದ ಹೊರಗಿನ ಸಂಬಂಧ ಇದೆ ಅನ್ನೋದು. ಕಾಂಗ್ರೆಸ್ ಅನ್ನೋ ಹೆಸರೇ ಹೊರಗಿನದು, ಹೆಸರು ಬದಲಾಯಿಸಿ ಅಂತ ಮುಂದೆ ಎಷ್ಟೋ ಮಾತುಕತೆ ನಡೆದವು. ಅಕ್ಟೋಬರ್ ಕೊನೆಗೆ ಸತ್ಯಾಗ್ರಹ ಶುರು ಆಯಿತು. ಸ್ವಾಮೀಜಿ ಒಂದು ತಂಡದ ಮುಂದೆ ನಿಂತು ಬಂಧನಕ್ಕೆ ಒಳಗಾದರು, 18 ತಿಂಗಳ ಶಿಕ್ಷೆ ಆಯಿತು. ಡಿಸೆಂಬರಿನಲ್ಲಿ ಗಾಂಧೀಜಿ ಸಲಹೆಯಂತೆ ಸತ್ಯಾಗ್ರಹ ನಿಂತರೂ ಇವರ ಶಿಕ್ಷೆ ನಿಲ್ಲಲಿಲ್ಲ.

ಅದೇ ಹೊತ್ತಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ನಡೆದದ್ದನ್ನ ಹೇಳಲೇಬೇಕು, ಯಾಕಂದ್ರೆ ಅದು ಹಾಸ್ಟೆಲ್ ಹುಡುಗರ ಕಥೆ. ಹಾಸ್ಟೆಲ್‌ನ ಪ್ರಾರ್ಥನೆಯಲ್ಲಿ ವಂದೇ ಮಾತರಂ ಹಾಡಬಾರದು ಅಂತ ಆಜ್ಞೆ ಆಯಿತು. ಹುಡುಗರು ಹಾಡಿದರು. ನೂರಾರು ಹುಡುಗರನ್ನ ಹೊರಗೆ ಹಾಕಿದರು. ಸ್ವಂತ ರಾಜ್ಯದಲ್ಲಿ ಓದೋಕೆ ಜಾಗ ಇಲ್ಲ ಅಂತಾದಾಗ ಗಡಿ ದಾಟಿ ಹೋಗಿ ಬಹಳ ಮಂದಿ ನಾಗಪುರ ವಿಶ್ವವಿದ್ಯಾಲಯ ಸೇರಿದರು. ಇವರೆಲ್ಲ ಅಪ್ಪಟ ಮುಲ್ಕಿಗಳು ನೋಡಿ, ಹುಟ್ಟಿದ್ದೇ ಅಲ್ಲಿ. ಆದರೂ ಟಿಸಿ ಹಿಡ್ಕೊಂಡು ಪರರಾಜ್ಯಕ್ಕೆ ಹೋಗಬೇಕಾಯಿತು. ಆ ಗುಂಪಿನಲ್ಲಿ ಒಬ್ಬ ಹುಡುಗ ಪಿ.ವಿ. ನರಸಿಂಹರಾವ್. ಮುಂದೆ ಅವರು ಸ್ವಾಮೀಜಿಯ ಶಿಷ್ಯರಾದರು, ಆಮೇಲೆ ಪ್ರಧಾನಿ ಆದದ್ದು ಎಲ್ಲರಿಗೂ ಗೊತ್ತು.

ಜೈಲಿನ ವರ್ಷಗಳನ್ನ ಬೇಗ ದಾಟೋಣ. 1940ರಲ್ಲಿ ಮತ್ತೆ ಬಂಧನ, 1942ರ ಚಳವಳಿಯಲ್ಲಿ ಮತ್ತೆ. ಕಾಂಗ್ರೆಸ್ ಮೇಲಿನ ನಿಷೇಧ ತೆಗೆದದ್ದು 1946ರ ಜುಲೈನಲ್ಲಿ, ಎಂಟು ವರ್ಷ ಆದಮೇಲೆ. ಆ ಹೊತ್ತಿಗೆ ಸ್ವಾಮೀಜಿಯ 15 ವರ್ಷವೂ ತುಂಬಿತ್ತು. ಅದರಲ್ಲಿ ಎಷ್ಟೋ ಕಾಲವನ್ನ ನಿಜಾಮರ ಜೈಲೇ ತುಂಬಿಕೊಟ್ಟಿತ್ತು. ಜೈಲಿನಲ್ಲಿ ಕಳೆದದ್ದನ್ನ ಖಾಯಂ ವಾಸ ಅಂತ ಹಿಡಿಯಬಹುದೋ ಇಲ್ಲವೋ, ನಮ್ಮ ಲಾ ಓದುವ ಗೆಳೆಯರನ್ನ ಕೇಳಬೇಕು. ಅವರು ಸ್ಟೇಟ್ ಕಾಂಗ್ರೆಸ್ ಅಧ್ಯಕ್ಷರಾದರು. ಪಕ್ಷದಲ್ಲಿ ಎರಡು ಗುಂಪು ಇತ್ತು. ನಿಜಾಮರ ಜೊತೆ ಮಾತಾಡಿ ಸುಧಾರಣೆ ತರೋಣ ಅನ್ನುವವರು, ಮಾತು ಸಾಕು ಅನ್ನುವವರು. ಸ್ವಾಮೀಜಿ ಎರಡನೇ ಗುಂಪಿನವರು.

1947ರ ಜೂನ್‌ನಲ್ಲಿ ನಿಜಾಮರು ಬ್ರಿಟಿಷರು ಹೋದ ಮೇಲೆ ತಾವು ಸ್ವತಂತ್ರ ದೊರೆ ಅಂತ ಸಾರಿದರು. 82,000 ಚದರ ಮೈಲಿ, ಒಂದೂವರೆ ಕೋಟಿಗೂ ಹೆಚ್ಚು ಜನ, 16 ಜಿಲ್ಲೆ, ಅದರಲ್ಲಿ ಕನ್ನಡದ ಮೂರು: ಬೀದರ್, ಗುಲ್ಬರ್ಗಾ, ರಾಯಚೂರು. ಸ್ವಾಮೀಜಿ ಕಾಂಗ್ರೆಸ್ಸಿನಿಂದ ಆಗಸ್ಟ್ 7ಕ್ಕೆ ಭಾರತ ಸೇರುವ ದಿನ ಆಚರಿಸಲು ಕರೆ ಕೊಟ್ಟರು. ಆಗಸ್ಟ್ 15ಕ್ಕೆ ಇಡೀ ದೇಶ ಧ್ವಜ ಹಾರಿಸುತ್ತಿದ್ದಾಗ ಅವರನ್ನ ಬಂಧಿಸಿದರು. ನವೆಂಬರ್ 29ಕ್ಕೆ ಭಾರತಕ್ಕೂ ನಿಜಾಮರಿಗೂ ಯಥಾಸ್ಥಿತಿ ಒಪ್ಪಂದ ಆಯಿತು, ಮಾರನೇ ದಿನ ಬಿಟ್ಟರು. ಅವರು ದೆಹಲಿಗೆ ಹೋಗಿ ನಾಯಕರನ್ನ ಕಂಡುಬಂದರು. 1948ರ ಜನವರಿ 26ಕ್ಕೆ ಮತ್ತೆ ಒಳಗೆ. ಹೊರಗೆ ಬಂದದ್ದು ಹೈದರಾಬಾದ್ ಶರಣಾದ ದಿನವೇ.

ಈ ಒಂದು ವರ್ಷ ನಮ್ಮ ಊರುಗಳ ಪಾಲಿಗೆ ಗಡಿ ನಿಜವಾಗಿಯೂ ಗಡಿ ಆಯಿತು. ಭಾರತದ ರೂಪಾಯಿ ಇಲ್ಲಿ ನಡೆಯೋದಿಲ್ಲ ಅಂತ ನಿಜಾಮರ ಸರ್ಕಾರ ಸುಗ್ರೀವಾಜ್ಞೆ ತಂತು. ಭಾರತದ ಕಡೆಯಿಂದ ಸರಕು ಬರೋದು ಕಡಿಮೆ ಆಯಿತು. ರಜಾಕಾರರ ಹಾವಳಿಗೆ ಹೆದರಿ ಜನ ಮನೆ ಬಿಟ್ಟು ಗಡಿಯಾಚೆ ಹೋದರು. ನಿರಾಶ್ರಿತರು ಅನ್ನೋ ಪದ ಟಿವಿಯಲ್ಲಿ ಕೇಳ್ತೀವಲ್ಲ, ಅದು ಇವರೇ: ಗದಗ, ಮುಂಡರಗಿ, ಗಜೇಂದ್ರಗಡ, ಹೊಸಪೇಟೆ ಕಡೆಯ ನೆಂಟರ ಮನೆಯಲ್ಲಿ, ಗುಡಿಯಲ್ಲಿ, ಶಿಬಿರದಲ್ಲಿ ಉಳಿದವರು. ಗಡಿಯುದ್ದಕ್ಕೂ ಸ್ಟೇಟ್ ಕಾಂಗ್ರೆಸ್ಸಿನ ಶಿಬಿರಗಳು ಎದ್ದವು. ನಮ್ಮ ಕೊಪ್ಪಳ ಸೀಮೆಗೆ ಹತ್ತಿರವಾಗಿದ್ದದ್ದು ಮುಂಡರಗಿ ಶಿಬಿರ, ಅದರ ಮುಂದಾಳು ಅಳವಂಡಿಯ ಶಿವಮೂರ್ತಿಸ್ವಾಮಿ. ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಟೆ. ಇಲ್ಲಿಂದ ಹೊರಟ ಹುಡುಗರು ಈ ಕಡೆಯ ಸರ್ಕಾರಿ ಠಾಣೆ, ನಾಕಾಗಳ ಮೇಲೆ ದಾಳಿ ಮಾಡುತ್ತಿದ್ದರು. ಕರೋಡಗಿರಿ ನಾಕಾ ಮುರಿಯೋದು ಅಂದ್ರೆ ಗಡಿಯನ್ನೇ ಮುರಿದಂತೆ. ಸನ್ಯಾಸಿ ನಾಯಕ ಜೈಲಿನಲ್ಲಿ, ಬಂದೂಕು ಹಿಡಿದವರು ಗಡಿಯಲ್ಲಿ. ಗಾಂಧಿಯನ್ನ ನಂಬಿದ ಸ್ವಾಮೀಜಿಯ ಪಕ್ಷದ ಈ ಭಾಗವನ್ನ ಭಾಷಣಗಳಲ್ಲಿ ಒಂದೋ ಜೋರಾಗಿ ಹೇಳ್ತಾರೆ, ಇಲ್ಲ ಹೇಳೋದೇ ಇಲ್ಲ.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮರು ಸೋಲೊಪ್ಪಿದರು. ನಾವು ರಜೆ ಪಡೆಯೋ ದಿನ ಅದು. ಆದರೆ ಅದರ ನಂತರದ ವಾರಗಳಲ್ಲಿ ಏನಾಯಿತು ಅನ್ನೋದನ್ನ ನಮ್ಮ ಶಾಲೆಯ ಪುಸ್ತಕ ಹೇಳಲಿಲ್ಲ. ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಹಳ್ಳಿ ಹಳ್ಳಿ ಸುತ್ತಿ ವರದಿ ಬರೆಯಿತು. ಸತ್ತವರು ಕಡಿಮೆ ಅಂದರೂ 27,000ದಿಂದ 40,000 ಅಂತ ಅದು ಅಂದಾಜು ಮಾಡಿತು. ಹೆಚ್ಚಿನವರು ಮುಸ್ಲಿಮರು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ್ ಎರಡೂ ಇದ್ದವು. ವರದಿಯನ್ನ ದಶಕಗಳ ಕಾಲ ಹೊರಗೆ ಬಿಡಲಿಲ್ಲ. ಅವರಲ್ಲಿ ಎಷ್ಟೋ ಮಂದಿ ತಲೆತಲಾಂತರದಿಂದ ಅಲ್ಲಿಯೇ ಇದ್ದ ರೈತರು, ನೇಕಾರರು. ಯಾವ ನಿಯಮದಲ್ಲಿ ನೋಡಿದರೂ ಮುಲ್ಕಿಗಳೇ.

ಗಡಿ ಹೋದಮೇಲೆ ಯಾರು ಯಾವ ದೇಶದವರು ಅನ್ನೋದನ್ನ ಮತ್ತೆ ಬರೆಯಬೇಕಾಯಿತು. ನಿಜಾಮರ ಪಡೆಯಲ್ಲಿ, ಜಹಗೀರುದಾರರ ಹತ್ತಿರ ಕಾವಲಿಗಿದ್ದ ಅರಬರು, ಪಠಾಣರು ಅನೇಕರನ್ನ ಪರದೇಶಿಗಳು ಅಂತ ಹಿಡಿದು ಹೊರಗೆ ಕಳಿಸಿದರು. ಅವರಲ್ಲಿ ಕೆಲವರು ಹುಟ್ಟಿದ್ದೇ ಇಲ್ಲಿ, ಅದೂ ಒಂದು ಗೋಜಲು. ನಿಜಾಮರ ಕೊನೆಯ ಪ್ರಧಾನಿ ಲಾಯಕ್ ಅಲಿ ಗೃಹಬಂಧನದಿಂದ ತಪ್ಪಿಸಿಕೊಂಡು 1950ರಲ್ಲಿ ಪಾಕಿಸ್ತಾನ ಸೇರಿದರು. ಅಂದಹಾಗೆ ಅವರು ಎಂಜಿನಿಯರ್. ರಜಾಕಾರರ ನಾಯಕ ಕಾಸಿಂ ರಜ್ವಿ 1957ರಲ್ಲಿ ಜೈಲಿನಿಂದ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋಗಿ ಅಲ್ಲೇ ಸತ್ತರು. ಉಳಿದವರೆಲ್ಲರೂ 1950ರ ಜನವರಿ 26ರಂದು ಭಾರತದ ನಾಗರಿಕರಾದರು. ಸಂವಿಧಾನದ 5ನೇ ಕಲಂ ಓದಿ ನೋಡಿ: ಇಲ್ಲಿ ನೆಲೆಸಿರಬೇಕು, ಜೊತೆಗೆ ಇಲ್ಲಿ ಹುಟ್ಟಿರಬೇಕು, ಇಲ್ಲವೇ ತಂದೆ ಅಥವಾ ತಾಯಿ ಇಲ್ಲಿ ಹುಟ್ಟಿರಬೇಕು, ಇಲ್ಲವೇ ಐದು ವರ್ಷ ವಾಸ ಇರಬೇಕು. ಮತ್ತೆ ಅದೇ ಮೂರು ಪ್ರಶ್ನೆ. ಸಿಂದಗಿಯಲ್ಲಿ ಹುಟ್ಟಿದವನೂ ಹುಲಿಹೈದರದಲ್ಲಿ ಹುಟ್ಟಿದವನೂ ಅವತ್ತು ಮೊದಲ ಸಲ ಒಂದೇ ದೇಶದ ಪ್ರಜೆಗಳಾದರು.

ಮುಲ್ಕಿ ನಿಯಮ ಮಾತ್ರ ಸಾಯಲಿಲ್ಲ. ಪೊಲೀಸ್ ಕಾರ್ಯಾಚರಣೆ ಆದಮೇಲೆ ಹೊರಗಿನ ಅಧಿಕಾರಿಗಳು ಹೈದರಾಬಾದಿಗೆ ಬಂದು ತುಂಬಿಕೊಂಡರು. ಸುಳ್ಳು ಮುಲ್ಕಿ ಸರ್ಟಿಫಿಕೇಟ್ ಮಾಡಿಸಿಕೊಂಡು ನೌಕರಿ ಹಿಡಿತಿದ್ದಾರೆ ಅಂತ ಗಲಾಟೆ ಎದ್ದಿತು. 1952ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು, ಹೈದರಾಬಾದಿನಲ್ಲಿ ಪೊಲೀಸ್ ಗೋಲಿಬಾರಿಗೆ ಜನ ಸತ್ತರು. ಸ್ವಾಮೀಜಿ ಆ ವರ್ಷವೇ ನಮ್ಮ ಗುಲ್ಬರ್ಗಾದಿಂದ ಗೆದ್ದು ಮೊದಲ ಲೋಕಸಭೆಗೆ ಹೋಗಿದ್ದರು. ಹುಟ್ಟಿದ ಊರಿನಿಂದ ಭೀಮೆ ದಾಟಿದರೆ ಸಿಗೋ ಜಿಲ್ಲೆ ಅದು. ಮತ ಹಾಕಿದವರು ಅವರ 15 ವರ್ಷದ ಲೆಕ್ಕ ಕೇಳಿರಲಿಕ್ಕಿಲ್ಲ. 1957ರಲ್ಲಿ ಔರಂಗಾಬಾದಿನಿಂದ ಗೆದ್ದರು. ಒಂದು ಸಲ ಕನ್ನಡಿಗರ ಸಂಸದ, ಒಂದು ಸಲ ಮರಾಠಿಗರ ಸಂಸದ.

ನಡುವೆ ಅವರು ಮಾಡಿದ ಇನ್ನೊಂದು ಕೆಲಸ ನಮಗೆ ಮುಖ್ಯ. ಹೈದರಾಬಾದ್ ರಾಜ್ಯವನ್ನ ಭಾಷೆಯ ಮೇಲೆ ಮೂರು ಭಾಗ ಮಾಡಬೇಕು ಅಂತ ಪಟ್ಟು ಹಿಡಿದವರಲ್ಲಿ ಇವರು ಮುಂದೆ ಇದ್ದರು. ನೆಹರೂಗೆ ಅದು ಇಷ್ಟ ಇರಲಿಲ್ಲ, ಹಲವು ಭಾಷೆಯ ಹೈದರಾಬಾದ್ ಹಾಗೇ ಇರಲಿ ಅಂತಿದ್ದರು. ಬೇರೆಯವರಾದರೆ ತಾವು ಗೆದ್ದ ರಾಜ್ಯ ಒಡೆಯದಂತೆ ನೋಡಿಕೊಳ್ಳುತ್ತಿದ್ದರು. ಸ್ವಾಮೀಜಿ ಇಡೀ ಬದುಕು ಯಾವ ರಾಜ್ಯದ ಒಳಗೆ ಬರಲು ಬಡಿದಾಡಿದರೋ ಅದೇ ರಾಜ್ಯ ಇಲ್ಲದಂತಾಗಲಿ ಅಂದರು. 1956ರ ನವೆಂಬರ್ 1ಕ್ಕೆ ಹಾಗೇ ಆಯಿತು. ರಾಯಚೂರು, ಗುಲ್ಬರ್ಗಾ, ಬೀದರ್ ಮೈಸೂರಿಗೆ ಬಂದವು. ಹುಲಿಹೈದರದ ಬೋರ್ಡು ಮತ್ತೊಮ್ಮೆ ಬದಲಾಯಿತು. ಅವರ ಸ್ವಂತ ಸಿಂದಗಿಯೂ ಮುಂಬೈ ಬಿಟ್ಟು ಅದೇ ದಿನ ಮೈಸೂರು ರಾಜ್ಯಕ್ಕೆ ಸೇರಿತು. ಭೀಮೆಯ ಎರಡು ದಡ ಒಂದೇ ರಾಜ್ಯಕ್ಕೆ ಬಂದದ್ದು ಆಗ.

ಆದರೂ ಒಂದು ಗೆರೆ ಉಳಿದಿದೆ. ಸಿಂದಗಿ ಇರೋದು ವಿಜಯಪುರ ಜಿಲ್ಲೆಯಲ್ಲಿ, ಅದು 371ಜೆ ಪಟ್ಟಿಯಲ್ಲಿಲ್ಲ. ನಿಜಾಮರ ಕೈಯಿಂದ ಬ್ರಿಟಿಷರಿಗೆ ಹೋಗಿ ಮದ್ರಾಸ್ ಪ್ರಾಂತದಲ್ಲಿ ನೂರೈವತ್ತು ವರ್ಷ ಇದ್ದ ಬಳ್ಳಾರಿ ಇದೆ. ಹಾಗಾಗಿ ನಮ್ಮ ಭಾಗವನ್ನ ಬಿಡಿಸಲು ಜೈಲಿಗೆ ಹೋದ ಮನುಷ್ಯ ಇವತ್ತು ಹುಟ್ಟೂರಿನ ಲೆಕ್ಕದಲ್ಲಿ ಅರ್ಜಿ ಹಾಕಿದ್ದರೆ ವಾಪಸ್ ಬರುತ್ತಿತ್ತು. ಇದನ್ನ ನಮ್ಮ ರೂಮಿನಲ್ಲಿರುವ ವಿಜಯಪುರದ ಗೆಳೆಯನಿಗೆ ಹೇಳಿದ್ವಿ. ಅವನು ಕೌನ್ಸೆಲಿಂಗ್‌ನಲ್ಲಿ ತನಗೆ ಸಿಗದೆ ಹೋದ ಬ್ರಾಂಚ್ ನೆನಪಿಸಿಕೊಂಡು ಸುಮ್ಮನಾದ. ಅವನ ಊರಿನ ಬರಗಾಲ ನಮ್ಮ ಊರಿನದಕ್ಕಿಂತ ಕಡಿಮೆ ಏನಲ್ಲ. ನಮ್ಮ ಸರ್ಟಿಫಿಕೇಟನ್ನ ನಾವು ಬಿಟ್ಟುಕೊಡೋದೂ ಇಲ್ಲ.

ಸ್ವಾಮೀಜಿ 1962ರ ಹೊತ್ತಿಗೆ ಚುನಾವಣೆಯಿಂದ ದೂರ ಸರಿದರು. 1967ರಲ್ಲಿ ಹೈದರಾಬಾದ್ ಹೋರಾಟದ ನೆನಪುಗಳನ್ನ ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದರು. 1972ರ ಜನವರಿ 22ಕ್ಕೆ ತೀರಿಕೊಂಡರು. ಸಮಾಧಿ ಹೈದರಾಬಾದಿನ ಬೇಗಂಪೇಟೆಯಲ್ಲಿದೆ. ಕೊನೆಗೂ ಹಿಂದಿನ ಊರಿಗೆ ವಾಪಸ್ ಹೋಗಲಿಲ್ಲ. ನಾಂದೇಡಿನ ವಿಶ್ವವಿದ್ಯಾಲಯಕ್ಕೂ ಅಂಬಾಜೋಗಾಯಿಯ ಮೆಡಿಕಲ್ ಕಾಲೇಜಿಗೂ ಅವರ ಹೆಸರಿದೆ.

ಅದೇ ವರ್ಷ ಅಕ್ಟೋಬರ್ 3ಕ್ಕೆ, ಅದು ಅವರ ಹುಟ್ಟಿದ ದಿನ, ತೆಲಂಗಾಣದಲ್ಲಿ ಮುಲ್ಕಿ ನಿಯಮ ಇನ್ನೂ ಜಾರಿಯಲ್ಲಿದೆ, ಊರ್ಜಿತ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆಗ ಆಂಧ್ರಪ್ರದೇಶದ ಮುಖ್ಯಮಂತ್ರಿ ಉಸ್ಮಾನಿಯಾದಿಂದ ಹೊರಹಾಕಿಸಿಕೊಂಡಿದ್ದ ಆ ಹುಡುಗ, ಪಿ.ವಿ. ನರಸಿಂಹರಾವ್. ಅವರು ತೀರ್ಪನ್ನ ಸ್ವಾಗತಿಸಿದರು. ಕರಾವಳಿ ಆಂಧ್ರ, ರಾಯಲಸೀಮೆಯವರು ಸಿಟ್ಟಿಗೆದ್ದು ಜೈ ಆಂಧ್ರ ಅಂತ ಬೀದಿಗಿಳಿದರು. 1973ರ ಜನವರಿಯಲ್ಲಿ ಪಿ.ವಿ. ಕುರ್ಚಿ ಬಿಡಬೇಕಾಯಿತು. ಗುರು ತೀರಿಕೊಂಡು ಇನ್ನೂ ಒಂದು ವರ್ಷ ತುಂಬಿರಲಿಲ್ಲ.